ಬೆನ್ನಿನ ಶಸ್ತ್ರಚಿಕಿತ್ಸೆಯ ಕ್ಲೇಮ್ ತಿರಸ್ಕರಿಸಿದ ವಿಮಾ ಕಂಪನಿಗೆ ದೂರು

ಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ

ವಿಷಯ: ತಂದೆಯವರ ಡಿಸ್ಕ್ ಶಸ್ತ್ರಚಿಕಿತ್ಸೆಯ ವೆಚ್ಚ ನಿರಾಕರಿಸಿರುವ ಬಗ್ಗೆ

ಮಾನ್ಯರೇ,

ಶಸ್ತ್ರಚಿಕಿತ್ಸೆಗೆ ಮುನ್ನ ಆರು ವಾರ ಔಷಧ, ಫಿಸಿಯೋಥೆರಪಿ ಪಡೆದಿಲ್ಲ ಎಂಬ ಒಂದೇ ಸಾಲಿನ ಕಾರಣ ಕೊಟ್ಟು ನನ್ನ ತಂದೆಯವರ ಕ್ಲೇಮನ್ನು ತಾವು ತಳ್ಳಿಹಾಕಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ.

ಆರು ವಾರ ಕಾಯುವ ಮಾತು ನೋವಿಗೆ ಸಂಬಂಧಿಸಿದ್ದು. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರಿ ಕಾಲಿಗೆ ಸೆಳೆತ ಬಂದವರಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ; ನಮ್ಮ ವೈದ್ಯರೂ ಮೊದಲು ಹೇಳಿದ್ದು ಅದನ್ನೇ. ಆದರೆ ತಂದೆಯವರ ತೊಂದರೆ ನೋವಿಗೇ ನಿಲ್ಲಲಿಲ್ಲ. ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೆಬ್ಬೆರಳನ್ನು ಮೇಲೆತ್ತಿ ಎಂದು ವೈದ್ಯರು ಹೇಳಿದಾಗ ಹಲ್ಲುಕಚ್ಚಿ ಪ್ರಯತ್ನಿಸಿದರು, ಬೆರಳು ಅಲುಗಲಿಲ್ಲ. ಸೊಂಟದ ನಾಲ್ಕು ಮತ್ತು ಐದನೆಯ ಕಶೇರುಗಳ (ಬೆನ್ನುಮೂಳೆಗಳ) ನಡುವಿನ ಡಿಸ್ಕ್ ಹೊರಚಾಚಿ, ಪಾದ ಮತ್ತು ಹೆಬ್ಬೆರಳನ್ನು ಎತ್ತಲು ಬೇಕಾದ ಎಲ್5 ನರದ ಬುಡವನ್ನು ಅದುಮಿರುವುದು ಎಂಆರ್‌ಐನಲ್ಲಿ ಸ್ಪಷ್ಟವಾಗಿದೆ. ಪಾದ ಎತ್ತುವ ಶಕ್ತಿಯೇ ಕುಂದುತ್ತಿರುವಾಗ ಕಾಯುತ್ತ ಕುಳಿತರೆ ಅದು ಪೂರ್ತಿ ಮರಳದೇ ಹೋಗಬಹುದು. ಇದೆಲ್ಲವೂ ನಾವು ಸಲ್ಲಿಸಿದ ದಾಖಲೆಗಳಲ್ಲಿದೆ. ಅವುಗಳನ್ನು ತಮ್ಮಲ್ಲಿ ಯಾರಾದರೂ ಓದಿದ್ದಾರೆಯೇ?

ವೈದ್ಯರು ದುಬಾರಿ ದಾರಿಯನ್ನೂ ಹಿಡಿಯಲಿಲ್ಲ. ಕಶೇರುಗಳು ಸ್ಥಾನ ಬಿಟ್ಟು ಸರಿದಿಲ್ಲವಾದ್ದರಿಂದ ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆಯುವ ಫ್ಯೂಷನ್ ಬೇಡವೆಂದು, ನರವನ್ನು ಒತ್ತುತ್ತಿದ್ದ ತುಂಡನ್ನಷ್ಟೇ ತೆಗೆಯುವ ಮೈಕ್ರೋಡಿಸ್ಕೆಕ್ಟಮಿ ಮಾಡಿದರು. ಈಗ ತಂದೆಯವರು ಪಾದವನ್ನು ಸ್ವಲ್ಪ ಎತ್ತುತ್ತಿದ್ದಾರೆ. ತಾವು ವೆಚ್ಚ ನಿರಾಕರಿಸಿದ ಚಿಕಿತ್ಸೆ ಇದು! ಆಸ್ಪತ್ರೆಯ ಬಿಲ್ ಕಟ್ಟಲು ಅಮ್ಮನ ಬಳೆಗಳನ್ನು ಅಡವಿಟ್ಟೆವು, ಬಡ್ಡಿ ಬೆಳೆಯುತ್ತಿದೆ. ಪ್ರತಿ ವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿದ ಕುಟುಂಬಕ್ಕೆ ಇಂಥ ಸ್ಥಿತಿ ಬರಬಾರದಿತ್ತು.

ಕ್ಲೇಮ್ ತಿರಸ್ಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ತಿಳಿಸಬೇಕು, ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮಾಸ್ಟರ್ ಸುತ್ತೋಲೆಯಲ್ಲಿ ಹೇಳಿದೆ. ತಮ್ಮ ಪತ್ರದಲ್ಲಿ ಷರತ್ತಿನ ಸಂಖ್ಯೆಯೂ ಇಲ್ಲ, ಸಮಿತಿಯ ಸುದ್ದಿಯೂ ಇಲ್ಲ. ಆದ್ದರಿಂದ ಕಡತವನ್ನು ಬೆನ್ನೆಲುಬಿನ ಶಸ್ತ್ರಚಿಕಿತ್ಸಾ ತಜ್ಞರಿಂದ ಮರುಪರಿಶೀಲನೆ ಮಾಡಿಸಿ, ಅವರ ಅಭಿಪ್ರಾಯದ ಪ್ರತಿಯನ್ನು ನಮಗೂ ಕೊಟ್ಟು, ಪೂರ್ಣ ವೆಚ್ಚವನ್ನು ಪಾವತಿಸಬೇಕೆಂದು ಕೋರುತ್ತೇನೆ.

30 ದಿನಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸುತ್ತೇನೆ. ಎಂಆರ್‌ಐ ವರದಿ, ಸ್ನಾಯುಬಲ ಪರೀಕ್ಷೆಯ ಟಿಪ್ಪಣಿ, ಡಿಸ್ಚಾರ್ಜ್ ಸಾರಾಂಶ ಮತ್ತು ಬಿಲ್‌ಗಳನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ.

ಇಂತಿ,
ಪಾಲಿಸಿದಾರರ ಮಗಳು
ಶಿವಮೊಗ್ಗ