ಮಗಳಿಗೊಂದು ಪತ್ರ: ಮೂರನೇ ದಿನ ಖಾಲಿ ಬಿಡು

ಹುಣಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಾವು ಮೂವರೂ ಹೋಗೋ ಪ್ರವಾಸಕ್ಕೆ ನೀನು ವಾಟ್ಸಾಪಲ್ಲಿ ಕಳಿಸಿದ ಎಕ್ಸೆಲ್ ಶೀಟು ನನ್ನ ಫೋನಲ್ಲಿ ಅರ್ಧ ಕಾಣುತ್ತೆ, ಅರ್ಧ ಕಾಣಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತಿದ್ದು ನೋಡಿ ನಿಮ್ಮಮ್ಮ, "ರಿಟೈರ್ ಆದಮೇಲೂ ಕಂಡಕ್ಟರ್ ಕೆಲಸದ ವೇ ಬಿಲ್, ಆ ಟಿಕೆಟ್ ಲೆಕ್ಕದ ಹಾಳೆ, ಬಿಡಲಿಲ್ಲವಲ್ಲ ನೀವು" ಅಂದಳು. ಫೋನಲ್ಲಿ ಹೇಳಿದರೆ ನೀನು "ಆಯ್ತಪ್ಪ, ಆಯ್ತಪ್ಪ" ಅಂತ ಮುಗಿಸಿಬಿಡ್ತೀಯ. ಅದಕ್ಕೇ ಬರೀತಿದ್ದೀನಿ.

ಹಿಮಾಚಲದ ಮೆಕ್ಲಿಯೋಡ್‌ಗಂಜ್ ಆರಿಸಿದ್ದು ಒಳ್ಳೇದೇ ಆಯ್ತು. ಮೇ ತಿಂಗಳಲ್ಲಿ ಬೆಟ್ಟ ಹತ್ತಬೇಕು ಅಂದರೆ ನಮ್ಮ ಕಡೆ ಆಗೋ ಮಾತಲ್ಲ. ಕಾಡ್ಗಿಚ್ಚಿನ ಭಯಕ್ಕೆ ಕುಮಾರಪರ್ವತದಂಥ ಕಡೆ ಅರಣ್ಯ ಇಲಾಖೆಯವರು ಬೇಸಿಗೆ ಪೂರ್ತಿ ಚಾರಣ ನಿಲ್ಲಿಸಿರ್ತಾರೆ. ಊಟಿ, ಕೊಡೈಕೆನಾಲ್ ಅಂದರೆ ಜನ, ಕಾರು, ಹಾರ್ನು. ಹಾಗಂತ ಅಲ್ಲಿ ಜನ ಇರಲ್ಲ ಅಂದುಕೋಬೇಡ, ಮೇ-ಜೂನಲ್ಲಿ ದೆಹಲಿ, ಪಂಜಾಬಿನ ಕಾರೆಲ್ಲ ಆ ಪೇಟೆಯ ಇಕ್ಕಟ್ಟು ರಸ್ತೆಯಲ್ಲೇ ನಿಂತಿರ್ತವೆ. ಆದರೆ ಅಲ್ಲಿ ಪೇಟೆ ಬಿಟ್ಟು ಒಂದು ಗಂಟೆ ನಡೆದರೆ ದೇವದಾರು ಮರ ಶುರು, ಎದುರಿಗೆ ಧೌಲಾಧಾರ್ ಬೆಟ್ಟಸಾಲು. ಅಷ್ಟು ಸಾಕು ನಮಗೆ.

ಈಗ ನಿನ್ನ ಶೀಟಿಗೆ ಬರ್ತೀನಿ. ಮೊದಲನೇ ದಿನ: ದೆಹಲಿಯಿಂದ ರಾತ್ರಿ ಬಸ್ಸಲ್ಲಿ ಬೆಳಗ್ಗೆ ಎಂಟಕ್ಕೆ ಇಳಿಯೋದು, ಹನ್ನೊಂದಕ್ಕೆ ಭಾಗ್ಸು ಜಲಪಾತ, ಸಂಜೆ ಧರಮ್‌ಕೋಟ್. ಎರಡನೇ ದಿನ: ಟ್ರಿಯುಂಡ್ ಬೆಟ್ಟ, ಅಲ್ಲಿಂದ ಇನ್ನೂ ಮೇಲೆ ಸ್ನೋಲೈನ್ ಅನ್ನೋ ಜಾಗ, ಸಂಜೆ ವಾಪಸ್. ಮೂರನೇ ದಿನ: ಕರೇರಿ ಸರೋವರ. ನಾಲ್ಕನೇ ದಿನ: ಬೀರ್ ಅನ್ನೋ ಊರಲ್ಲಿ ಪ್ಯಾರಾಗ್ಲೈಡಿಂಗ್, ರಾತ್ರಿ ದೆಹಲಿ ಬಸ್. ಪುಟ್ಟಿ, ಇಂಥ ಶೆಡ್ಯೂಲನ್ನ ಯಾವ ಡಿಪೋ ಮ್ಯಾನೇಜರ್ ಕೊಟ್ಟಿದ್ದರೂ ನಾವು ಯೂನಿಯನ್ ಕರೀತಿದ್ವಿ!

ಹುಣಸೂರಿಂದ ಮಡಿಕೇರಿಗೆ ಕಾಗದದ ಮೇಲೆ ಎರಡು ಗಂಟೆ ಚಿಲ್ಲರೆ. ಬೈಲುಕುಪ್ಪೆವರೆಗೂ ಟೈಮಿಗೆ ಸರಿಯಾಗಿ ಇರ್ತಿದ್ವಿ. ಸುಂಟಿಕೊಪ್ಪ ದಾಟಿದ ಮೇಲೆ ಮಂಜು ಕವಿಯಿತೋ, ಮುಗೀತು. ಎರಡು ಸಿಂಗಲ್, ಅಂದರೆ ಹೋಗೋ ಟ್ರಿಪ್ಪು ಬರೋ ಟ್ರಿಪ್ಪಿನ ನಡುವೆ ಹದಿನೈದು ನಿಮಿಷ ಇಟ್ಟಿರ್ತಾರಲ್ಲ, ಅದು ಡ್ರೈವರ್ ಕಂಡಕ್ಟರ್ ಟೀ ಕುಡಿಯೋಕೆ ಅಂತ ಪ್ಯಾಸೆಂಜರುಗಳು ಬೈಕೊಳ್ಳೋರು. ಟೀ ಒಂದು ನೆಪ. ಹೋಗೋ ಟ್ರಿಪ್ ತಡವಾದರೆ ಬರೋ ಟ್ರಿಪ್ ಕೆಡಬಾರದು ಅಂತ ಇಟ್ಟ ಜಾಗ ಅದು. ನಿನ್ನ ಶೀಟಲ್ಲಿ ಅಂಥ ಹದಿನೈದು ನಿಮಿಷ ಎಲ್ಲೂ ಇಲ್ಲ. ಬಸ್ ಎರಡು ಗಂಟೆ ಲೇಟಾದರೆ ನಾಲ್ಕು ದಿನವೂ ಒಂದರ ಮೇಲೊಂದು ಬೀಳ್ತವೆ.

ಲೆಕ್ಕ ನೋಡು. ನಮ್ಮ ರಾಜ್ಯಕ್ಕೆ ಎತ್ತರವಾದ ಮುಳ್ಳಯ್ಯನಗಿರಿಯೇ 1930 ಮೀಟರ್. ಮೆಕ್ಲಿಯೋಡ್‌ಗಂಜಿನ ಪೇಟೆ ನಿಂತಿರೋದೇ 2000 ಮೀಟರ್ ಮೇಲೆ. ಟ್ರಿಯುಂಡ್ 2800 ದಾಟುತ್ತೆ. 2500 ಮೀಟರ್ ಮೇಲೆ ಹೋದಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಬರೋದುಂಟು. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತೆ. ಬಸ್ಸಲ್ಲಿ ರಾತ್ರಿಯೆಲ್ಲ ಕುಲುಕಾಡಿ ಹೋದವರು ಮಾರನೇ ದಿನವೇ ಅಲ್ಲಿಗೆ ಹತ್ತಿ, ಇನ್ನೂ ಮೇಲಕ್ಕೆ ಹೋಗೋದು ಬೇಡ. ಸ್ನೋಲೈನ್ ಹೊಡೆದುಹಾಕಿದ್ದೀನಿ. ಕರೇರಿಯನ್ನೂ ಹೊಡೆದಿದ್ದೀನಿ, ಅದು ಹೋಗಿಬರೋಕೆ ಎರಡು ದಿನ ಇಟ್ಟುಕೊಳ್ಳೋ ಜಾಗ. ಬೀರ್ ನಿನ್ನಿಷ್ಟ. ನೀನು ಹಾರು, ನಾವು ಕೆಳಗೆ ಕೂತು ನೋಡ್ತೀವಿ.

ಇನ್ನು ನಮ್ಮ ಕಾಲಿನ ವಿಷಯ. ನನಗೆ 62, ನಿಮ್ಮಮ್ಮನಿಗೆ 57, ಮಂಡಿ ನೋವು ಬೇರೆ. ನಿನಗೆ ಹೇಳಿರಲಿಲ್ಲ, ಒಂದೂವರೆ ತಿಂಗಳಿಂದ ಪ್ರತಿ ಶುಕ್ರವಾರ ಬೆಳಗಿನ ಜಾವದ ಬಸ್ಸಿಗೆ ಮೈಸೂರಿಗೆ ಹೋಗಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತಾ ಇದ್ದೀವಿ. ನಡಿಗೆ ಶುರುವಾಗೋ ಗಲ್ಲು ದೇವಿ ಗುಡಿಯಿಂದ ಟ್ರಿಯುಂಡಿಗೆ ಏರು ಸುಮಾರು ಏಳುನೂರು ಮೀಟರ್, ಚಾಮುಂಡಿ ಮೆಟ್ಟಿಲಿನ ಏರು ಹತ್ತಿರ ಹತ್ತಿರ ಮುನ್ನೂರು. ಎರಡೂಕಾಲು ಚಾಮುಂಡಿಬೆಟ್ಟ ಅಂತ ಇಟ್ಟುಕೋ.

ಮೊದಲ ವಾರ ನಾನು ಬಿರುಸಾಗಿ ಹೊರಟೆ. ನಿಮ್ಮಮ್ಮ ಯಾವುದೋ ಹರಕೆ ಅಂದುಕೊಂಡು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಿದ್ದಳು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಬೊಟ್ಟಿಡೋದು, ನೆಟ್ಟಗಾಗೋದು, ಒಂದು ಹೆಜ್ಜೆ, ಮತ್ತೆ ಬಗ್ಗೋದು. ನಾನು ನಂದಿ ಹತ್ತಿರ ಹೋಗಿ ಕಟ್ಟೆ ಮೇಲೆ ಬಿದ್ದುಕೊಂಡೆ, ಎದೆ ಡವಡವ, ಬನಿಯನ್ ಒದ್ದೆ. ಮುಕ್ಕಾಲು ಗಂಟೆ ಆದಮೇಲೆ ಇವಳು ಬಂದಳು. ಬೆರಳೆಲ್ಲ ಕೆಂಪು ಹಳದಿ, ಉಸಿರು ಮಾತ್ರ ಅಡುಗೆಮನೆಯಲ್ಲಿ ಇದ್ದ ಹಾಗೇ ಇದೆ. "ಏಳಿ, ಇನ್ನೂ ಮುನ್ನೂರು ಮೆಟ್ಟಿಲಿದೆ" ಅಂತ ದಾಟಿಕೊಂಡೇ ಹೋದಳು. ಆಮೇಲಿಂದ ಬಟ್ಟಲು ಬಿಡಿಸಿದೆ, ಅಷ್ಟು ಬಗ್ಗೋದು ಮಂಡಿಗೆ ಆಗಲ್ಲ. ನಡೆಯೋ ವೇಗ ಅವಳದೇ ಇಟ್ಟುಕೊಂಡಿದ್ದೀನಿ. ಟ್ರಿಯುಂಡ್ ದಾರಿಯಲ್ಲೂ ಮುಂದೆ ಅವಳೇ ಇರಲಿ, ನೀನು ನಡುವೆ, ನಾನು ಹಿಂದೆ ಬಾಗಿಲ ಹತ್ತಿರ.

ಇಳಿಯೋದರ ಬಗ್ಗೆ ನಿನ್ನ ಶೀಟಲ್ಲಿ "ವಾಪಸ್" ಅಂತ ಒಂದೇ ಪದ ಇದೆ. ಕಾಲು ಹೋಗೋದು ಇಳಿಯೋವಾಗಲೇ. ನಿನಗೆ ನೆನಪಿರಲ್ಲ, ನೀನಿನ್ನೂ ಕೈಗೂಸು, ಡಿಪೋದ ನಾಲ್ಕು ಜನ ಸೇರಿ ಕುಕ್ಕೆಯಿಂದ ಕುಮಾರಪರ್ವತ ಹತ್ತಿದ್ವಿ. ನಾನು ಹೊಸ ಕ್ಯಾನ್ವಾಸ್ ಶೂ ಹಾಕಿದ್ದೆ, ಕಾಲಿಗೆ ಸರಿಯಾಗಿ ಕೂತಿದೆ ಅಂತ ಹೆಮ್ಮೆಯಿಂದ ತಗೊಂಡಿದ್ದು. ಇಳಿಯೋವಾಗ ಗಿರಿಗದ್ದೆ ಮುಟ್ಟೋ ಹೊತ್ತಿಗೆ ಎರಡೂ ಹೆಬ್ಬೆರಳು ಶೂ ಮೂತಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಯ್ತು. ಒಂದು ಕಿತ್ತೇ ಬಂತು. ಒಂದು ತಿಂಗಳು ತುಂಬಿದ ಬಸ್ಸಲ್ಲಿ ಟಿಕೆಟ್ ಹರೀತಾ ಕಂಡಕಂಡವರ ಕೈಲಿ ಕಾಲು ತುಳಿಸಿಕೊಂಡಿದ್ದೀನಿ. ಅದಕ್ಕೇ ಶೂ ಈಗಲೇ ಕೊಳ್ಳು, ಸಂಜೆ ಹೊತ್ತು ಕಾಲು ಸ್ವಲ್ಪ ಊದಿರೋವಾಗ, ದಪ್ಪ ಕಾಲುಚೀಲ ಹಾಕಿಕೊಂಡೇ ನೋಡು, ಮುಂದೆ ಒಂದು ಬೆರಳಷ್ಟು ಜಾಗ ಇರಲಿ. ಆಫೀಸಿಗೂ ಅದನ್ನೇ ಹಾಕಿಕೊಂಡು ಹೋಗು. ನಗೋರು ನಗಲಿ. ಉಗುರು ಕತ್ತರಿಸಿಕೊಂಡು ಹೊರಡು.

ಟ್ರಿಯುಂಡಿಗೆ ಹೊರಡೋ ಹೊತ್ತು ನೀನು ಒಂಬತ್ತು ಅಂತ ಬರೆದಿದ್ದೀಯ. ಆರಕ್ಕೆ ಅಂತ ತಿದ್ದಿದ್ದೀನಿ. ಮುಂಗಾರಿಗೆ ಮುಂಚಿನ ದಿನಗಳಲ್ಲಿ ಅಲ್ಲಿ ಬೆಳಗ್ಗೆ ನೀಲಿ ಆಕಾಶ ಇದ್ದರೂ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು, ಆಲಿಕಲ್ಲು ಬರೋದು ಮಾಮೂಲು. ಟ್ರಿಯುಂಡ್ ಅಂದರೆ ಬಯಲು ಹುಲ್ಲಿನ ದಿಣ್ಣೆ, ಸಿಡಿಲಿಗೆ ಮರೆ ಇಲ್ಲ. ಹನ್ನೆರಡು ಗಂಟೆಗೆ ಎಲ್ಲಿ ಇರ್ತೀವೋ ಅಲ್ಲಿಂದಲೇ ತಿರುಗೋದು. ತುದಿ ಮುಟ್ಟಲಿ ಬಿಡಲಿ, ಅದು ನಮ್ಮ ಲಾಸ್ಟ್ ಸಿಂಗಲ್. ಕೊನೇಲಿ ಇಪ್ಪತ್ತೆರಡು ತಿರುವು ಇದೆಯಂತೆ, ಅಲ್ಲೇ ಎಲ್ಲರ ಕಾಲೂ ಸೋಲೋದಂತೆ. ಹದಿನೆಂಟನೇ ತಿರುವಲ್ಲಿ ಗಂಟೆ ಹನ್ನೆರಡಾದರೆ ನೀನು "ಇನ್ನೊಂದು ಹತ್ತು ನಿಮಿಷ ಅಪ್ಪ" ಅಂತೀಯ. ಈಗಲೇ ಹೇಳ್ತಿದ್ದೀನಿ, ನಾನು ಸೀಟಿ ಊದಿಬಿಡ್ತೀನಿ. ಡಿಪೋದ ಸೀಟಿ ಇನ್ನೂ ಇದೆ ನನ್ನ ಹತ್ತಿರ.

ಮೇಲೆ ನೀರಿನ ಸೆಲೆ ಇಲ್ಲ. ಹೇಸರಗತ್ತೆ ಮೇಲೆ ಹೊತ್ತು ತಂದು ಮಾರ್ತಾರೆ, ಅದಕ್ಕೆ ತಕ್ಕ ಹಾಗೆ ಬೆಲೆ. ತಲೆಗೆ ಎರಡು ಲೀಟರ್ ನಾವೇ ಹೊರೋಣ. ನಿಮ್ಮಮ್ಮ ಹುರಿದ ಅವಲಕ್ಕಿ, ಚಟ್ನಿಪುಡಿ, ಚಪಾತಿ ಕಟ್ತಾಳೆ. ವಾರದ ಕೊನೇಲಿ ಬೇಡ, ಮಂಗಳವಾರವೋ ಬುಧವಾರವೋ ಹತ್ತೋಣ. ಮೇಲೆ ಟೆಂಟಲ್ಲಿ ಮಲಗೋ ಆಸೆ ನಿನಗಿದೆ ಅಂತ ಗೊತ್ತು, ಆದರೆ ಅದಕ್ಕೆ ಅಲ್ಲಿನ ಆಡಳಿತದವರ ನಿಯಮ ಆಗಾಗ ಬದಲಾಗ್ತಿರುತ್ತೆ. ಅಲ್ಲಿಗೆ ಹೋದ ದಿನವೇ ವಿಚಾರಿಸು. ಮುಂಗಡ ಮಾತ್ರ ಯಾರಿಗೂ ಕೊಡಬೇಡ.

ಈಗ ಮೂರನೇ ದಿನ. ಅದನ್ನ ಖಾಲಿ ಬಿಡು. ಎರಡನೇ ದಿನ ಮಳೆ ಬಂದರೆ ಮೂರನೇ ದಿನ ಹತ್ತೋಣ. ಬರದೇ ಇದ್ದರೆ ಕಾಲಿಗೆ ರಜೆ. ಧರ್ಮಶಾಲೆ ದಾರಿಯ ದೇವದಾರು ಮರಗಳ ನಡುವೆ ಕಲ್ಲಿನ ಹಳೇ ಚರ್ಚ್ ಒಂದಿದೆ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಅದರ ಗಂಟೆಗೋಪುರ ಬಿತ್ತು, ಚರ್ಚ್ ಉಳೀತು. ಆ ಭೂಕಂಪದಲ್ಲಿ ಸತ್ತವರೇ ಸುಮಾರು ಇಪ್ಪತ್ತು ಸಾವಿರ. ಬಿಳಿಯರ ಊರಾಗಿದ್ದ ಮೆಕ್ಲಿಯೋಡ್‌ಗಂಜ್ ಹಾಗೇ ಮಂಕಾಗಿದ್ದದ್ದು, 1960ರಲ್ಲಿ ದಲೈಲಾಮಾ ಬಂದು ನೆಲೆಸಿದ ಮೇಲೆ ಮತ್ತೆ ತುಂಬಿಕೊಂಡಿದ್ದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ನಮ್ಮ ಬೈಲುಕುಪ್ಪೆ ಕಾಡಲ್ಲಿ ಟಿಬೆಟಿನವರಿಗೆ ಮೈಸೂರು ಸರ್ಕಾರ ಜಾಗ ಕೊಟ್ಟಿತು.

ಬೈಲುಕುಪ್ಪೆಯ ಕ್ಯಾಂಪ್ ಸ್ಟಾಪಲ್ಲಿ ನನ್ನ ಬಸ್ ಹತ್ತುತ್ತಿದ್ದ ಒಬ್ಬರು ಟಿಬೆಟಿಯನ್ ಅಜ್ಜಿ ಇದ್ದರು. ಕೈಲಿ ಜಪಮಾಲೆ, ಕಾಲಿಗೆ ಏಪ್ರಿಲ್ ಬಿಸಿಲಲ್ಲೂ ಉಲ್ಲನ್ ಕಾಲುಚೀಲ. ಹಿಮದಲ್ಲಿ ಎರಡು ಬೆರಳು ಹೋಗಿವೆ ಅಂತ ಒಂದು ದಿನ ಅವರೇ ಹೇಳಿದರು. ಹುಡುಗಿಯಾಗಿದ್ದಾಗ ಮನೆಯವರ ಜೊತೆ ಹಿಮಾಲಯ ದಾಟಿ ಬಂದವರಂತೆ, ಹಗಲು ಅಡಗಿಕೊಂಡು, ರಾತ್ರಿ ನಡೆದು. ನಾನು ಬಾಯಿ ಬಿಟ್ಟುಕೊಂಡು ಕೇಳ್ತಾ ನಿಂತಿದ್ದೆ. ಸ್ಟಾಪ್ ಬಂತು. ಅಜ್ಜಿ ಕಂಬಿ ಹಿಡಿದು ಒಂದು ಕಾಲು ಕೆಳಗಿಟ್ಟು, ತಿರುಗಿ ನನಗೇ ಬೈದರು: "ಏನಪ್ಪಾ ಕಂಡಕ್ಟ್ರೇ, ಈ ಮೆಟ್ಲು ಇಷ್ಟು ಎತ್ತರ ಮಾಡಿದ್ದೀರಲ್ಲ, ಮುದುಕರು ಇಳಿಯೋದು ಹೆಂಗೆ?" ಅವರು ಹೇಳ್ತಿದ್ದ ಬೆಟ್ಟಗಳ ಇನ್ನೊಂದು ಮೂಲೆಯಾದರೂ ಒಂದ್ಸಲ ನೋಡಬೇಕು ಅಂತ ಆವತ್ತಿಂದ ಇತ್ತು. ನಿನಗೆ ಹೇಳಿರಲಿಲ್ಲ ಅಷ್ಟೆ.

ಹೇಳದೇ ಇದ್ದದ್ದು ಇನ್ನೊಂದು. ನಿನ್ನ ಐದನೇ ಕ್ಲಾಸಿನ ಕನ್ನಡ ನೋಟ್‌ಬುಕ್ ಬೀರು ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿತು. "ನಾನು ಕಳೆದ ಬೇಸಿಗೆ ರಜೆ" ಪ್ರಬಂಧದಲ್ಲಿ ಊಟಿಗೆ ಹೋಗಿದ್ದೆ, ದೋಣಿಯಲ್ಲಿ ಕೂತೆ, ಕ್ಯಾರೆಟ್ ತಿಂದೆ ಅಂತ ಬರೆದಿದ್ದೀಯ. ಆ ರಜೆಯಲ್ಲಿ ನೀನು ಹೋಗಿದ್ದು ನನ್ನ ಬಸ್ಸಲ್ಲಿ ಮಡಿಕೇರಿಗೆ, ಎರಡು ಸಲ, ಇಂಜಿನ್ ಬಾನೆಟ್ ಪಕ್ಕ ಕೂತುಕೊಂಡು. ಬೇಸಿಗೆ ಅಂದರೆ ಮದುವೆ, ಜಾತ್ರೆ, ಸ್ಪೆಷಲ್ ಬಸ್. ನನಗೆ ರಜೆ ಮಂಜೂರಾಗ್ತಿರಲಿಲ್ಲ. ಮೇಡಂ ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ.

ತಿದ್ದಿದ ಶೀಟು ಇದರ ಜೊತೆ ಇಟ್ಟಿದ್ದೀನಿ. ನೋಡಿ ಟಿಕೆಟ್ ಬುಕ್ ಮಾಡು. ಅಮ್ಮನ ಬಿಪಿ ಮಾತ್ರೆಗೆ ಡಾಕ್ಟರನ್ನ ಕೇಳಿಕೊಂಡು ಬರ್ತೀನಿ. ಬೆಟ್ಟದ ರಸ್ತೆಯ ತಿರುವಿಗೆ ಅವಳಿಗೆ ಹೊಟ್ಟೆ ತೊಳಸುತ್ತೆ, ದೆಹಲಿಯಿಂದ ಹೋಗೋ ಬಸ್ಸಲ್ಲಿ ಅವಳಿಗೆ ಮುಂದಿನ ಕಿಟಕಿ ಸೀಟೇ ಆಗಬೇಕು. ನನಗೆ ಯಾವುದಾದರೂ ಸರಿ. 31 ವರ್ಷ ನಿಂತುಕೊಂಡೇ ಹೋದವನು.

ಇಂತಿ,
ನಿನ್ನ ಅಪ್ಪ