ಹಳೆಯ ಸ್ಪೀಕರ್‌ಗಳ ಎಡ್ಜ್ ಕೆಲಸದಲ್ಲಿ ಒಂದು ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಈ ದೀಪಾವಳಿ ಕಳೆದ ಮೇಲೆ ನಮ್ಮ ಅಂಗಡಿಗೆ ಬರುವ ಹಳೆಯ ಸ್ಪೀಕರ್‌ಗಳಿಗೆ ಮೊದಲು ಯಾವ ಬಗೆಯ ಎಡ್ಜ್ (ಸದ್ದು ಹೊರಡಿಸುವ ಕೋನಿನ ಸುತ್ತ ಇರುವ ಮೆತ್ತನೆಯ ಪಟ್ಟಿ) ಇತ್ತೋ ಅದೇ ಬಗೆಯದ್ದನ್ನು ಮಾತ್ರ ಹಾಕುತ್ತೇವೆ. ಫೋಮ್ ಇದ್ದದ್ದಕ್ಕೆ ಫೋಮ್, ಬಟ್ಟೆ ಇದ್ದದ್ದಕ್ಕೆ ಬಟ್ಟೆ, ರಬ್ಬರ್ ಇದ್ದದ್ದಕ್ಕೆ ರಬ್ಬರ್. ಫೋಮ್ ತೆಗೆದು ಆ ಜಾಗಕ್ಕೆ ರಬ್ಬರ್ ಹಾಕಿಕೊಡುವ ಕೆಲಸ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಎಡ್ಜ್ ಕೆಲಸಕ್ಕೆ ಸ್ಪೀಕರ್ ಜೋಡಿಯಾಗಿಯೇ ಬರಬೇಕು. ಸಮಯವೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಇದಕ್ಕೆ ಕಾರಣಗಳನ್ನು ನಿಮಗೆ ಪೂರ್ತಿಯಾಗಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇವೆ.

ಇದನ್ನು ಓದಿದ ಕೂಡಲೇ ಹಲವರು ಏನು ಹೇಳುತ್ತೀರಿ ಎಂದು ನಮಗೆ ಗೊತ್ತು. "ಮಂಗಳೂರಿನ ಹವೆಗೆ ಫೋಮ್ ನಿಲ್ಲುವುದಿಲ್ಲ. ರಬ್ಬರ್ ಹಾಕಿದರೆ ಮತ್ತೆ ತಲೆಬಿಸಿ ಇಲ್ಲ, ಅಲ್ವಾ?" ಮಾತು ನಿಜ. ಸ್ಪೀಕರ್ ಎಡ್ಜ್‌ಗೆ ಬಳಸುವುದು ಪಾಲಿಯುರೆಥೇನ್ ಫೋಮ್. ಗಾಳಿಯಲ್ಲಿರುವ ನೀರಿನ ಪಸೆ ಅದನ್ನು ಒಳಗಿಂದಲೇ ಒಡೆಯುತ್ತಾ ಹೋಗುತ್ತದೆ. ಸ್ಪೀಕರ್ ಹಾಡಲಿ, ಸುಮ್ನೆ ಕಪಾಟಿನ ಮೇಲೆ ಕೂತಿರಲಿ, ವ್ಯತ್ಯಾಸವಿಲ್ಲ. ಹತ್ತರಿಂದ ಇಪ್ಪತ್ತು ವರ್ಷದೊಳಗೆ ಅದು ಒಂದೋ ಅಂಟಂಟಾಗುತ್ತದೆ, ಇಲ್ಲವೇ ಬೆರಳು ತಾಗಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಸಮುದ್ರದ ಬದಿಯ ಊರುಗಳಲ್ಲಿ ಇದು ಬೇಗ ಆಗುತ್ತದೆ.

ಹಾಗಿದ್ದೂ ಫೋಮನ್ನೇ ಹಾಕುತ್ತೇವೆ ಎನ್ನುತ್ತಿದ್ದೇವೆ. ಯಾಕೆಂದರೆ ಎಡ್ಜ್ ಎಂದರೆ ಕೋನನ್ನು ಚೌಕಟ್ಟಿಗೆ ಹಿಡಿದಿಡುವ ಪಟ್ಟಿ ಮಾತ್ರ ಅಲ್ಲ. ಕೋನ್ ಎಷ್ಟು ಸುಲಭವಾಗಿ ಹಿಂದೆ ಮುಂದೆ ಹೋಗಬೇಕು ಎನ್ನುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಅದರ ತೂಕವೂ ಕೋನಿನ ಜೊತೆಗೇ ಓಡಾಡುತ್ತದೆ. ಕೋನನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲಿನಿಂದ ಹೊರಟ ಕಂಪನ ಕೋನಿನ ಅಂಚಿಗೆ ಬಂದಾಗ ಅದನ್ನು ಹೀರಿಕೊಳ್ಳುವುದೂ ಎಡ್ಜ್‌ನ ಕೆಲಸ. ಅಲ್ಲಿ ಹೀರದೆ ವಾಪಸ್ ಕಳಿಸಿದರೆ ಹಾಡುವವರ ಕಂಠದ ಬಣ್ಣವೇ ಬೇರೆಯಾಗುತ್ತದೆ. ಬೇಸ್ ಮಾತ್ರ ಬದಲಾಗುತ್ತದೆ ಎಂದುಕೊಂಡವರು ಬಹಳ. ನಮ್ಮ ಕಿವಿಗೆ ಹೆಚ್ಚು ನೋವಾಗುವುದು ಕಂಠ ಬದಲಾದಾಗ.

ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕದ ಕೇಂಬ್ರಿಜ್ ಎಂಬ ಊರಿನಲ್ಲಿ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿ ಕಟ್ಟಿದರು. ಅದುವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಅಲಮಾರಿಯಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಮಾಡಿದ್ದು ತೀರಾ ಬೇರೆ. ಬೇಸ್ ಹಾಡುವ ವೂಫರಿನ ಎಡ್ಜ್ ಮತ್ತು ಕೋನನ್ನು ಹಿಂದಿನಿಂದ ಹಿಡಿದಿಡುವ ಸ್ಪೈಡರ್ ಎರಡನ್ನೂ ಬಹಳ ಸಡಿಲ ಮಾಡಿದರು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್ ಆಯಿತು. ಬಟ್ಟೆ, ಕಾಗದದ ಸ್ಪ್ರಿಂಗಿಗಿಂತ ಗಾಳಿಯ ಸ್ಪ್ರಿಂಗ್ ಎಳೆತ ನೂಕು ಎರಡಕ್ಕೂ ಸಮನಾಗಿ ಜಗ್ಗುತ್ತದೆ. ಹಾಗಾಗಿ ಪುಸ್ತಕದ ಕಪಾಟಿನಲ್ಲಿ ಇಡುವಂಥ ಪೆಟ್ಟಿಗೆಯಿಂದ ಆಳವಾದ, ಶುದ್ಧವಾದ ಬೇಸ್ ಬಂತು. 1958ರ ಎಆರ್-3, 1967ರ ಎಆರ್-3ಎ ಇದೇ ದಾರಿಯಲ್ಲಿ ಬಂದವು. ಆಮೇಲೆ ಎಷ್ಟೋ ಕಂಪನಿಗಳು ಈ ದಾರಿ ಹಿಡಿದವು.

ಇಂಥ ವೂಫರಿಗೆ ಬಿಗಿಯಾದ ರಬ್ಬರ್ ಅಂಟಿಸಿದರೆ ಏನಾಗುತ್ತದೆ? ವಿಲ್ಚರ್ ಬೇಡವೆಂದು ತೆಗೆದ ಬಿಗಿತವನ್ನು ನಾವು ಮತ್ತೆ ತಂದು ಹಾಕಿದಂತಾಗುತ್ತದೆ. ಬೇಸ್ ಕೆಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಮೆತ್ತಗಿನ ರಬ್ಬರ್ ಹುಡುಕಿ ತಂದರೂ ತೂಕ ಹೆಚ್ಚುತ್ತದೆ, ವೂಫರ್ ಸ್ವಲ್ಪ ಮೆಲ್ಲಗೆ ಹಾಡುತ್ತದೆ. ಎಆರ್-3ಎಯಲ್ಲಿ ವೂಫರ್ ತನ್ನ ಕೆಲಸವನ್ನು 575 ಹರ್ಟ್ಸ್ ಹತ್ತಿರ ನಡುವಿನ ಸ್ವರ ಹಾಡುವ ಮಿಡ್‌ಗೆ ಒಪ್ಪಿಸುತ್ತದೆ. ಮಿಡ್ 5,000 ಹರ್ಟ್ಸ್‌ನಲ್ಲಿ ಮೇಲಿನ ಸ್ವರ ಹಾಡುವ ಟ್ವೀಟರಿಗೆ ಒಪ್ಪಿಸುತ್ತದೆ. ಸ್ವರಗಳನ್ನು ಈ ಮೂವರಿಗೆ ಹಂಚುವ ಕ್ರಾಸ್‌ಓವರನ್ನು ಕೂಡಿಸಿದ್ದು ಆ ಮೂಲ ವೂಫರಿನ ನಡತೆ ನೋಡಿ. ಒಬ್ಬರು ಬದಲಾದರೆ ಮೂವರ ನಡುವಿನ ಹೊಂದಾಣಿಕೆ ಕೆಡುತ್ತದೆ. ಮಾರುಕಟ್ಟೆಯಿಂದ ಅದೇ ಅಳತೆಯ ಹೊಸ ವೂಫರ್ ತಂದು ಕೂರಿಸುವುದಕ್ಕೂ ನಾವು ಒಪ್ಪದಿರುವುದು ಇದೇ ಕಾರಣಕ್ಕೆ. ಇಂಚಿನಲ್ಲಿ ಅಳತೆ ಒಂದೇ ಆದ ಮಾತ್ರಕ್ಕೆ ಎರಡು ವೂಫರ್ ಒಂದೇ ಆಗುವುದಿಲ್ಲ.

ಇಷ್ಟು ದಿನ ಕೇಳಿದವರಿಗೆ ರಬ್ಬರ್ ಹಾಕಿಕೊಟ್ಟಿದ್ದೇವೆ. ಸುಲಭವಾಗಿ ಸಿಗುತ್ತಿದ್ದುದೂ ಅದೇ. ಈಗ ಹಳೆಯ ಮಾಡೆಲ್‌ಗಳ ಕೋನಿನ ಇಳಿಜಾರಿಗೆ, ಎಡ್ಜ್‌ನ ಉರುಟಿನ ಅಗಲಕ್ಕೆ ಸರಿಹೊಂದುವ ಫೋಮ್ ರಿಂಗ್‌ಗಳು ತರಿಸಿದರೆ ಬರುತ್ತವೆ. ಬದಲಾವಣೆಗೆ ಮುಖ್ಯ ಕಾರಣ ಇದು. ಮೊದಲು ರಬ್ಬರ್ ಹಾಕಿಸಿಕೊಂಡವರು ಗಾಬರಿಯಾಗುವುದು ಬೇಡ. ನಿಮ್ಮ ಸ್ಪೀಕರ್ ಹಾಡುತ್ತಿದೆ, ನಿಮಗೆ ಇಷ್ಟವೂ ಆಗಿದೆ ಎಂದರೆ ಹಾಗೇ ಇರಲಿ. ಫೋಮ್ ಬೇಕೆನ್ನಿಸಿದರೆ ತನ್ನಿ. ನಿಮಗೆ ಕೂಲಿಯಲ್ಲಿ ಅರ್ಧ ಬಿಡುತ್ತೇವೆ.

ಎಲ್ಲ ಹಳೆಯ ಸ್ಪೀಕರಿಗೂ ಫೋಮ್ ಇರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಮ್ಮ ಕರಾವಳಿಯ ಮನೆಗಳಲ್ಲಿ ಕೊಲ್ಲಿ ದೇಶಗಳಿಂದ ಬಂದ ಜಪಾನಿ ಪೆಟ್ಟಿಗೆಗಳು ಇವೆ. ಅಪ್ಪನೋ ಮಾವನೋ ದುಬೈಯಿಂದ, ಕುವೈತಿನಿಂದ ತಂದ ಸಾನ್ಸುಯಿ, ಪಯನಿಯರ್. ಮುಂದೆ ಮರದ ಜಾಲರಿ ಇರುವ 1970ರ ಸುಮಾರಿನ ಸಾನ್ಸುಯಿ ತೆರೆದು ನೋಡಿದರೆ ಕೋನಿನ ಸುತ್ತ ನೆರಿಗೆ ನೆರಿಗೆಯ ಬಟ್ಟೆ ಎಡ್ಜ್ ಕಾಣುತ್ತದೆ. ಅದು ಕೊಳೆಯುವುದಿಲ್ಲ. 1970ರಲ್ಲಿ ಬಂದ ಜೆಬಿಎಲ್ ಎಲ್100 ವೂಫರಿನದ್ದೂ ಬಟ್ಟೆಯೇ. ಇಂಥವುಗಳಿಗೆ ಎಡ್ಜ್ ಬದಲಿಸಿ ಎಂದು ಯಾರಾದರೂ ಹೇಳಿದ್ದರೆ ಮೊದಲು ನಮಗೆ ತೋರಿಸಿ. ಹೆಚ್ಚಿನ ಸಲ ಏನೂ ಬೇಕಾಗಿರುವುದಿಲ್ಲ. ಎಆರ್-3ರ ಕಾಲದ ಬಟ್ಟೆ ಎಡ್ಜ್‌ಗೆ ಗಾಳಿ ಸೋರದಂತೆ ಒಂದು ಲೇಪ ಬಳಿದಿರುತ್ತಿದ್ದರು. ಅದು ಒಣಗಿದರೆ ಪೆಟ್ಟಿಗೆಯ ಗಾಳಿ ಬಟ್ಟೆಯ ಎಳೆಗಳ ನಡುವೆ ಸೋರುತ್ತದೆ. ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಬಿಟ್ಟಾಗ ಅದು ನಿಧಾನವಾಗಿ ವಾಪಸ್ ಬರಬೇಕು. ಪಟ್ಟನೆ ಬಂದರೆ ಸೋರುತ್ತಿದೆ ಎಂದು ಅರ್ಥ. ಅದಕ್ಕೆ ಹೊಸ ಲೇಪ ಸಾಕು.

ಕೆ.ಇ.ಎಫ್. ಬಿ110 ವೂಫರ್ ಇರುವ ಬಿಬಿಸಿ ವಿನ್ಯಾಸದ ಎಲ್‌ಎಸ್ 3/5ಎ ಪೆಟ್ಟಿಗೆಗಳ ವಿಷಯದಲ್ಲಿ ನಾವು ಇನ್ನೂ ಹುಷಾರು. ಅದರ ಕೋನ್ ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್. ಮೇಲೆ ಬಳಿದ ಲೇಪವೂ ಧ್ವನಿಯ ಭಾಗವೇ. ಅದನ್ನು ಉಜ್ಜಿ ಹೊಳೆಯುವಂತೆ ಮಾಡಿಕೊಡಿ ಎಂದರೆ ದಯವಿಟ್ಟು ಕ್ಷಮಿಸಿ, ಮಾಡುವುದಿಲ್ಲ.

ಈಗ ಕೆಲಸ ನಡೆಯುವ ರೀತಿ. ಮೊದಲು ಮೀಟರ್ ಹಿಡಿದು ಕಾಯಿಲ್ ನೋಡುತ್ತೇವೆ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸಿದರೆ ಕಾಯಿಲ್ ಸರಿಯಿದೆ. ಆಮೇಲೆ ಹಳೆಯ ಫೋಮ್ ಮತ್ತು ಗಮ್ ಪೂರ್ತಿ ತೆಗೆಯುವುದು. ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದಕ್ಕೇ. ಕಾಗದದ ಕೋನ್ ತೆಳ್ಳಗಾಗಿರುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ನಂತರ ಕೋನಿನ ನಡುವಿನ ಮುಚ್ಚಳ (ಡಸ್ಟ್ ಕ್ಯಾಪ್) ಬಿಡಿಸಿ, ಕಾಯಿಲ್ ಮತ್ತು ಮ್ಯಾಗ್ನೆಟ್ಟಿನ ನಡುವಿನ ಕಿರಿದಾದ ಸಂದಿಗೆ ತೆಳು ಪಟ್ಟಿಗಳನ್ನು ತೂರಿಸಿ ಕಾಯಿಲನ್ನು ನಟ್ಟನಡುವೆ ನಿಲ್ಲಿಸುತ್ತೇವೆ. ಹೊಸ ಎಡ್ಜನ್ನು ಮೊದಲು ಕೋನಿಗೆ, ಅದು ಒಣಗಿದ ಮೇಲೆ ಚೌಕಟ್ಟಿಗೆ ಅಂಟಿಸುತ್ತೇವೆ. ಪಟ್ಟಿ ತೆಗೆದು 20ರಿಂದ 30 ಹರ್ಟ್ಸ್ ಸ್ವರ ಕೊಟ್ಟು ಕಾಯಿಲ್ ಎಲ್ಲೂ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಮುಂದೆ ಯಾರಾದರೂ ಮತ್ತೆ ಬಿಚ್ಚಬೇಕಾದರೆ ಕೋನ್ ಹರಿಯದೆ ಬಿಡುವಂಥ ಗಮ್ ಮಾತ್ರ ಬಳಸುತ್ತೇವೆ. ಯಾವ ರಿಂಗ್, ಯಾವ ಗಮ್, ಯಾವ ತಾರೀಕು ಎಂದು ಬರೆದ ಚೀಟಿ ಮ್ಯಾಗ್ನೆಟ್ಟಿನ ಹಿಂದೆ ಅಂಟಿಸಿರುತ್ತೇವೆ. ಹದವಾಗಿ ಮಾಡಿದರೆ ಒಂದು ಕೋನಿಗೆ ಇನ್ನೂ ಹಲವು ಸಲ ಎಡ್ಜ್ ಬದಲಿಸಬಹುದು. ಫೋಮ್ ಮತ್ತೆ ಹೋಗುತ್ತದಲ್ಲ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದೇ. ಹೋಗುತ್ತದೆ, ಆಗ ಮತ್ತೆ ಹಾಕೋಣ. ಕೋನ್, ಕಾಯಿಲ್, ಮ್ಯಾಗ್ನೆಟ್ ಮೂರೂ ಮೂಲದ್ದೇ ಉಳಿದಿರುತ್ತವೆ.

ಜೋಡಿ ತನ್ನಿ ಎನ್ನುವುದು ಯಾಕೆಂದರೆ, ಒಂದು ಕಡೆ ಹೊಸ ಎಡ್ಜ್, ಇನ್ನೊಂದು ಕಡೆ ಬಿಗಿದುಕೊಂಡ ಹಳೆಯದು ಇದ್ದರೆ ಎಡ ಬಲ ಒಂದೇ ರೀತಿ ಹಾಡುವುದಿಲ್ಲ. ಒಂದರ ಫೋಮ್ ಹೋಗಿದ್ದರೆ ಇನ್ನೊಂದರದ್ದೂ ಹೋಗುವ ಹಂತದಲ್ಲೇ ಇರುತ್ತದೆ. ಎರಡು ವೂಫರಿನ ಅನುರಣನ (ವೂಫರ್ ತಾನಾಗಿ ಹೆಚ್ಚು ಕಂಪಿಸುವ ಸ್ವರ) ಅಳೆದು, ಅಂಕಿ ಬರೆದು ನಿಮ್ಮ ಕೈಗೆ ಕೊಡುತ್ತೇವೆ. ಎರಡರ ನಡುವೆ ಅಂತರ ಜಾಸ್ತಿ ಕಂಡರೆ ನಾವೇ ಮತ್ತೆ ಬಿಚ್ಚಿ ಮಾಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಯಂತ್ರದ ಅಳತೆ ಮುಗಿದ ಮೇಲೆ ಒಂದು ಯಕ್ಷಗಾನದ ಕ್ಯಾಸೆಟ್ ಹಾಕುತ್ತೇವೆ. ಚೆಂಡೆಯ ಪೆಟ್ಟು ಚೂಪಾಗಿ ಬರಬೇಕು, ಮದ್ದಳೆ ಗುಂಯ್‌ಗುಡದೆ ತುಂಬಿ ಬರಬೇಕು, ಭಾಗವತರ ಕಂಠ ಎರಡರ ನಡುವೆ ನಿಲ್ಲಬೇಕು. ನಿಮಗೆ ಚೆನ್ನಾಗಿ ಪರಿಚಯ ಇರುವ ಕ್ಯಾಸೆಟ್ಟೋ ರೆಕಾರ್ಡೋ ಇದ್ದರೆ ತೆಗೆದುಕೊಂಡು ಹೋಗುವ ದಿನ ತನ್ನಿ, ಒಟ್ಟಿಗೆ ಕೇಳೋಣ.

ಜೋಡಿಗೆ ಸುಮಾರು ಮೂರು ವಾರ ಬೇಕು. ರಿಂಗ್ ತರಿಸಬೇಕಿದ್ದರೆ ಇನ್ನೂ ಸ್ವಲ್ಪ. ತೆರೆದು ನೋಡಿ, ಖರ್ಚು ಎಷ್ಟು ಎಂದು ಬರೆದುಕೊಟ್ಟು, ನೀವು ಹೂಂ ಎಂದ ಮೇಲೆಯೇ ಕೈ ಹಾಕುತ್ತೇವೆ. ನೋಡುವುದಕ್ಕೆ 300 ರೂಪಾಯಿ, ಕೆಲಸ ಕೊಟ್ಟರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆ. ಅಂಟು ಎರಡು ವರ್ಷದೊಳಗೆ ಬಿಟ್ಟರೆ ಪುಕ್ಕಟೆ ಸರಿಮಾಡಿಕೊಡುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಗದದ ಕೋನಿಗೆ ಎಡ್ಜ್ ಅಂಟಿಸುವುದಿಲ್ಲ. ಆಟಿಯ ಮಳೆಯಲ್ಲಿ ಕಾಗದ ಪಸೆ ಹಿಡಿದಿರುತ್ತದೆ, ಗಮ್ ಸರಿಯಾಗಿ ಒಣಗುವುದೇ ಇಲ್ಲ. ಆ ತಿಂಗಳುಗಳಲ್ಲಿ ಕ್ರಾಸ್‌ಓವರ್ ಕೆಲಸ ಮಾಡುತ್ತೇವೆ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದ್ದರೆ ಮಿಡ್, ಟ್ವೀಟರ್ ಎರಡೂ ಮಂಕಾಗಿರುತ್ತವೆ, ಅದನ್ನೂ ನೋಡಿಸಿಕೊಳ್ಳಿ.

ಪಾರ್ಟಿಗೆ ಬಳಸುವ ದೊಡ್ಡ ಸ್ಪೀಕರ್, ಕಾರಿನ ಸಬ್‌ವೂಫರ್, ಈಚಿನ ಹೋಮ್ ಥಿಯೇಟರ್ ಇವುಗಳಿಗೆ ಈ ಪತ್ರ ಅನ್ವಯಿಸುವುದಿಲ್ಲ. ಅವುಗಳ ಕೆಲಸ ಎಂದಿನಂತೆ ನಡೆಯುತ್ತದೆ.

ತರುವ ಮೊದಲು ಎರಡು ಮೂರು ವಿಷಯ. ಫೋಮ್ ಹರಿದಿರುವುದು ಕಂಡರೆ ಹಾಡಿಸುವುದನ್ನು ನಿಲ್ಲಿಸಿ. ಕೋನ್ ಓರೆಯಾಗಿ ಕಾಯಿಲ್ ಉಜ್ಜಿದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ. ಮನೆಯಲ್ಲಿ ಫೆವಿಕ್ವಿಕ್, ಸೆಲ್ಲೋಟೇಪ್ ಹಾಕಬೇಡಿ, ಅದನ್ನು ತೆಗೆಯುವಾಗ ಕೋನೇ ಕಿತ್ತು ಬರುತ್ತದೆ. 1970ರ ದಶಕದ ಹಲವು ಒಳ್ಳೆಯ ಸ್ಪೀಕರ್‌ಗಳಲ್ಲಿ ಕೋಬಾಲ್ಟ್ ಸೇರಿದ ಅಲ್ನಿಕೋ ಮ್ಯಾಗ್ನೆಟ್ ಇರುತ್ತದೆ. 1978ರಲ್ಲಿ ಆಫ್ರಿಕಾದ ಜಾಯಿರ್‌ನಲ್ಲಿ (ಈಗಿನ ಕಾಂಗೋ ಗಣರಾಜ್ಯ, ಡಿಆರ್‌ಸಿ) ಗಲಭೆಯಾಗಿ ಕೋಬಾಲ್ಟ್ ಬೆಲೆ ಏರಿದ ಮೇಲೆ ಹೆಚ್ಚಿನ ಕಂಪನಿಗಳು ಫೆರೈಟ್ ಮ್ಯಾಗ್ನೆಟ್‌ಗೆ ಹೋದವು. ಅಲ್ನಿಕೋವನ್ನು ಬಿಚ್ಚಿದರೆ ಅದರ ಶಕ್ತಿ ಇಳಿಯುತ್ತದೆ. ಹಾಗಾಗಿ ಯಾರೇ ಹೇಳಿದರೂ ಮ್ಯಾಗ್ನೆಟ್ ಬೇರ್ಪಡಿಸಲು ಬಿಡಬೇಡಿ. ಬೇಸ್ ಹೋಯಿತು, ಬರ್ರ್ ಅನ್ನುತ್ತದೆ ಎಂದು ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಯೋಚನೆ ಇದ್ದರೆ ಅದಕ್ಕೂ ಮೊದಲು ಒಂದು ಸಲ ನಮಗೆ ತೋರಿಸಿ. ಹೋಗಿರುವುದು ಎಡ್ಜ್ ಮಾತ್ರ ಇರಬಹುದು.

ಪೂರ್ತಿ ಪೆಟ್ಟಿಗೆ ಹೊತ್ತು ತರಲು ಕಷ್ಟವಾದರೆ ವೂಫರ್‌ಗಳನ್ನಷ್ಟೇ ಬಿಚ್ಚಿ ತರಬಹುದು. ಬಿಚ್ಚುವ ಮೊದಲು ವಯರ್ ಯಾವ ಕಡೆಗೆ ಇತ್ತು ಎಂದು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಈಗಾಗಲೇ ಹೆಸರು ಬರೆಸಿದವರಿಗೆ ಹಳೆಯ ದರವೇ ಇರುತ್ತದೆ. ಅವರಲ್ಲಿ ರಬ್ಬರ್ ಕೇಳಿದವರಿಗೆ ಈ ವಾರ ನಾವೇ ಫೋನ್ ಮಾಡಿ ಮಾತಾಡುತ್ತೇವೆ.

ಇಂತಿ ನಿಮ್ಮ,
ಸ್ಪೀಕರ್ ರಿಪೇರಿ ಅಂಗಡಿಯ ಬಳಗ
ಮಂಗಳೂರು