ಚಿಲಕದ ಫೋಟೊವನ್ನೂ ತೆಗೆಯಿರಿ

ಮಾನ್ಯ ಸಂಪಾದಕರೇ,

ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೋ ಮರದ ಮಿಲ್ಲಿಗೋ ಬೆಂಕಿ ಬಿದ್ದಾಗ ಪತ್ರಿಕೆಗಳಲ್ಲಿ ಹೊಗೆ, ಜ್ವಾಲೆ, ಅಗ್ನಿಶಾಮಕ ವಾಹನದ ಚಿತ್ರ ಬರುತ್ತದೆ. ಕೆಳಗೆ ‘ಶಾರ್ಟ್ ಸರ್ಕ್ಯೂಟ್ ಶಂಕೆ’ ಎಂಬ ಒಂದು ಸಾಲು. ಒಳಗಿದ್ದವರಿಗೆ ಹೊರಬರಲು ದಾರಿ ಇತ್ತೇ ಎಂಬುದು ಮಾತ್ರ ಎಲ್ಲೂ ಕಾಣುವುದಿಲ್ಲ.

1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಮಂದಿ ಸತ್ತರು. ಒಂಬತ್ತನೇ ಮಹಡಿಯ ಬಾಗಿಲಿಗೆ ಬೀಗ ಬಿದ್ದಿತ್ತೇ, ಅದು ಮಾಲೀಕರಿಗೆ ಗೊತ್ತಿತ್ತೇ ಎಂಬುದರ ಸುತ್ತಲೇ ವಿಚಾರಣೆ ನಡೆಯಿತು, ಮಾಲೀಕರು ಬಿಡುಗಡೆಯಾದರು. 2012ರಲ್ಲಿ ಢಾಕಾ ಬಳಿಯ ತಾಜ್ರೀನ್ ಕಾರ್ಖಾನೆಯಲ್ಲಿ ಕನಿಷ್ಠ 112 ಮಂದಿ ಸತ್ತಾಗ, ಅಲ್ಲಿ ಯಾವ ವಿದೇಶಿ ಕಂಪನಿಗಳ ಮಾಲು ತಯಾರಾಗುತ್ತಿತ್ತು ಎಂಬುದಕ್ಕೆ ಅವಶೇಷದ ನಡುವೆ ಉಳಿದ ಬಟ್ಟೆ ಲೇಬಲ್‌ಗಳ ಫೋಟೊಗಳು ಸಾಕ್ಷಿಯಾದವು.

ನಮ್ಮ ಜಿಲ್ಲೆಯ ವರದಿಗಾರರೂ ಹೀಗೆ ಮಾಡಬಹುದು. ಅಗ್ನಿಶಾಮಕ ಸಿಬ್ಬಂದಿ ಒಪ್ಪಿದ ಮೇಲಷ್ಟೇ ಒಳಗೆ ಹೋಗಿ. ಕಾಫಿ ಹೊಟ್ಟಿನ ರಾಶಿ ಮೇಲೆ ತಣ್ಣಗಿದ್ದರೂ ಒಳಗೆ ಕೆಂಡವಿರಬಹುದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಪ್ರತಿ ಬಾಗಿಲಿಗೂ ಮೂರು ಚಿತ್ರ ಬೇಕು: ಬಾಗಿಲು ಗೋದಾಮಿನ ಯಾವ ಕಡೆಗಿದೆ ಎಂದು ತೋರಿಸುವ ದೂರದ್ದು, ಇಡೀ ಬಾಗಿಲಿನದು, ಪಕ್ಕದಲ್ಲಿ ಸ್ಕೇಲು ಹಿಡಿದು ತೆಗೆದ ಚಿಲಕದ್ದು. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದು ಕೀಲಿನಿಂದ ತಿಳಿಯುವುದರಿಂದ ಅದನ್ನೂ ಬಿಡಬೇಡಿ. ಬಾಗಿಲಿಗೆ ಒತ್ತಿ ಪೇರಿಸಿದ ಮೂಟೆಗಳು, ಅಗ್ನಿಶಾಮಕ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಮತ್ತು ರೀಫಿಲ್ ದಿನಾಂಕದ ಚೀಟಿ, ಫ್ಯೂಸಿಗೆ ಸುತ್ತಿದ ದಪ್ಪ ತಂತಿ, ಮೋಟರಿನ ಮೇಲೆ ಕೂತ ದೂಳು ಕೂಡ ಬೇಕು. ದೂಳು, ಹೊಗೆ ಇರುವಲ್ಲಿ ಫ್ಲ್ಯಾಶ್ ಹಾಕಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಕ್ಯಾಮೆರಾ ಅಲುಗದಂತೆ ಇಟ್ಟು ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ಸುಟ್ಟ ಮರದ ಬಿರುಕು ಕೂಡ ಎದ್ದು ಕಾಣುತ್ತದೆ.

ಮೂಲ ಫೈಲನ್ನು ತಿದ್ದಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ತೆಗೆದ ದಿನ, ಹೊತ್ತಿನ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಕೋರ್ಟಿಗಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಸೆಕ್ಷನ್ನಿನಡಿ ಡಿಜಿಟಲ್ ದಾಖಲೆಯ ಪ್ರಮಾಣಪತ್ರವೂ ಬೇಕು.

ಅಸ್ಸಾಂ, ಜಾರ್ಖಂಡಿನಿಂದ ಬಂದ ಕೆಲಸದವರ ಮುಖ ತೋರಿಸುವ ಮುನ್ನ ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಿ. ಮಾಲೀಕರ ಎದುರಲ್ಲಿ ಕೇಳಿ ಪಡೆದದ್ದು ಒಪ್ಪಿಗೆಯಲ್ಲ. ಮಾಲೀಕರೇ ಕೊಟ್ಟ ಲೈನ್‌ಮನೆಯಲ್ಲಿರುವವರಿಗೆ ಕೆಲಸ ಹೋದರೆ ಸೂರೂ ಹೋಗುತ್ತದೆ. ಹವಾಯಿ ಚಪ್ಪಲಿಯ ಕಾಲು, ಮೂಗಿಗೆ ಕಟ್ಟಿದ ಟವೆಲ್ ಇಷ್ಟನ್ನೇ ತೆಗೆದರೂ ಬೂಟು, ಮಾಸ್ಕ್ ಇಲ್ಲದಿರುವುದು ಗೊತ್ತಾಗುತ್ತದೆ.

ಕೊಯ್ಲು ಜೋರಾಗಿರುವ ಜನವರಿಯಲ್ಲೇ, ಯಾವ ಅನಾಹುತವೂ ಆಗುವ ಮೊದಲು, ಇಂಥ ಚಿತ್ರಗಳಿಗೆ ಒಂದು ಪುಟ ಕೊಡಿ. ಬೆಂಕಿ ಬಿದ್ದ ಮಾರನೆಯ ದಿನ ಹೋದರೆ ಮೂಟೆಗಳನ್ನು ಸರಿಸಿ, ಬಾಗಿಲು ತೆರೆದಿಟ್ಟಿರುತ್ತಾರೆ.

– ಕೆಲವು ಛಾಯಾಗ್ರಾಹಕರು, ಕುಶಾಲನಗರ